ವಯಸ್ಸಿನ ಮುದ್ರೆಯೂ ಎಚ್ಚರಿಕೆಯ ಮಾತೂ

ಓದುವ ವಸ್ತುವಿನ ಮೇಲೂ ನೋಡುವ ವಸ್ತುವಿನ ಮೇಲೂ ‘ಇದು ಇಂಥ ವಯಸ್ಸಿನವರಿಗೆ ಮಾತ್ರ’ ಎಂದು ಮುದ್ರೆಯೊತ್ತುವ ಪದ್ಧತಿ ನಮ್ಮ ಕಾಲದಲ್ಲಿ ಬಹು ಬೇಗನೆ ಹಬ್ಬುತ್ತಿದೆ. ಹಿಂದೆ ಅದು ಸಿನಿಮಾ ಮಂದಿರದ ಬಾಗಿಲಿಗೆ ಮೀಸಲಾಗಿತ್ತು. ಅಲ್ಲಿಂದ ಹೊರಟು ಇಂದು ನಮ್ಮ ಅಂಗೈಯಲ್ಲಿರುವ ಫೋನಿಗೆ ಬಂದು ಕುಳಿತಿದೆ. ಅಷ್ಟಕ್ಕೇ ನಿಲ್ಲದೆ, ವಿದ್ಯಾರ್ಥಿಗಳು ತಮ್ಮ ಕಥೆ ಕವಿತೆಗಳನ್ನು ಇರಿಸಲು ಸ್ವಂತವಾಗಿ ಕಟ್ಟಿಕೊಂಡಿರುವ ಪುಟ್ಟ ಜಾಲತಾಣಗಳಿಗೂ ಇಂಥ ಮುದ್ರೆ ಇರತಕ್ಕದ್ದೆಂಬ ಮಾತು ಈ ವರ್ಷ ನಮ್ಮ ಸಾಹಿತ್ಯ ಸಂಘದ ಚರ್ಚಾಕೂಟದಲ್ಲಿ ಕೇಳಿಬಂದಿತು. ಪರ ವಿರೋಧ ಎರಡೂ ಕಡೆ ಗಂಟಲೇರಿತೇ ಹೊರತು ವಿಷಯ ಇತ್ಯರ್ಥವಾಗಲಿಲ್ಲ. ಗಂಟೆ ಬಾರಿಸಿತು, ಎಲ್ಲರೂ ಎದ್ದೆವು. ಅಂದು ಹೇಳಲು ಸಮಯ ಸಿಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಹೀಗೆ: ಸ್ವಂತ ಬರಹಕ್ಕೆ ವಯಸ್ಸಿನ ಮುದ್ರೆ ಬೇಡ. ಆದರೆ ಒಳಗೆ ಏನಿದೆಯೆಂಬುದನ್ನು ಬರೆದವನೇ ಒಂದು ಸಾಲಿನಲ್ಲಿ ಹೇಳುವುದು ಬೇಕು. ಇವೆರಡೂ ಒಂದೇ ಎಂದು ಆ ದಿನ ಬಹಳ ಮಂದಿ ತಿಳಿದಂತಿತ್ತು. ಒಂದೇ ಅಲ್ಲ.

ಮೊದಲು ಮುದ್ರೆಯ ವಿಚಾರ. ನಮ್ಮ ದೇಶದಲ್ಲಿ ಚಲಚ್ಚಿತ್ರಕ್ಕೆ ಕಾನೂನಿನ ಕಡಿವಾಣ ಬಂದದ್ದು ೧೯೧೮ರ ಅಧಿನಿಯಮದಿಂದ. ಸ್ವಾತಂತ್ರ್ಯಾನಂತರ ೧೯೫೨ರ ಚಲಚ್ಚಿತ್ರ ಅಧಿನಿಯಮ ಅದರ ಸ್ಥಾನವನ್ನು ತೆಗೆದುಕೊಂಡಿತು. ಆಗ ಇದ್ದುದು ಎರಡೇ ಅಕ್ಷರ: ಎಲ್ಲರಿಗೂ ‘ಯು’, ಹದಿನೆಂಟು ತುಂಬಿದವರಿಗೆ ‘ಎ’. ೧೯೮೩ರಲ್ಲಿ ನಡುವೆ ‘ಯು/ಎ’ ಸೇರಿತು. ಹನ್ನೆರಡರ ಒಳಗಿನ ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡತಕ್ಕದ್ದೆಂದು ಅದರ ಅರ್ಥ. ವೈದ್ಯರೇ ಮೊದಲಾದ ತಜ್ಞರಿಗೆಂದು ‘ಎಸ್’ ಎಂಬುದೂ ಬಂದಿತು. ಅದೇ ಹೊತ್ತಿಗೆ ಸೆನ್ಸಾರ್ ಮಂಡಳಿಯು ‘ಪ್ರಮಾಣೀಕರಣ ಮಂಡಳಿ’ ಎಂದು ಹೆಸರು ಬದಲಿಸಿಕೊಂಡಿತು. ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಅದರ ಕಚೇರಿಯನ್ನು ಜನ ಮಾತ್ರ ಇಂದಿಗೂ ಸೆನ್ಸಾರ್ ಆಫೀಸೆಂದೇ ಕರೆಯುತ್ತಾರೆ. ೨೦೨೩ರ ತಿದ್ದುಪಡಿಯು ‘ಯು/ಎ’ಯನ್ನು ಮತ್ತೆ ಒಡೆದು ಏಳು, ಹದಿಮೂರು, ಹದಿನಾರು ಎಂದು ಮೂರು ಮೆಟ್ಟಿಲು ಮಾಡಿದೆ. ಹೀಗೆ ಎರಡು ಅಕ್ಷರದಿಂದ ಹೊರಟದ್ದು ಈಗ ರೈಲ್ವೆ ದರಪಟ್ಟಿಯ ಹಾಗೆ ಕಾಣುತ್ತದೆ.

ನಮ್ಮ ದಂಡಿನ ಪ್ರದೇಶದವರಿಗೆ ಈ ಅಕ್ಷರಗಳ ಮಹಿಮೆ ಚೆನ್ನಾಗಿ ಗೊತ್ತು. ಇಂಗ್ಲಿಷ್ ಚಿತ್ರಗಳಿಗೆಂದೇ ಹೆಸರಾದ ಮಂದಿರಗಳು ಇದ್ದುದು ಇಲ್ಲಿ. ೧೯೩೬ರಲ್ಲಿ ಕಟ್ಟಿದ ಪ್ಲಾಜಾ ಇದ್ದ ಜಾಗದಲ್ಲಿ ಇಂದು ಎಂ. ಜಿ. ರಸ್ತೆಯ ಮೆಟ್ರೋ ನಿಲ್ದಾಣವಿದೆ. ಹಲಸೂರಿನ ಕಡೆಯ ಲಿಡೋ ಹೋಗಿ ಮಾಲ್ ಬಂದಿದೆ. ಬ್ರಿಗೇಡ್ ರಸ್ತೆಯ ರೆಕ್ಸ್ ೨೦೧೮ರ ಕೊನೆಗೆ ಬಾಗಿಲು ಹಾಕಿತು. ಇನ್ನು ಶಿವಾಜಿನಗರದ ಎಲ್ಗಿನ್ ಹಿರಿಯರ ಮಾತಿನಲ್ಲಿ ಬಂದು ಹೋಗುವ ಹೆಸರು. ಹಲಸೂರಿನಲ್ಲೇ ಹುಟ್ಟಿ ಬೆಳೆದ ನಮ್ಮ ಸೋದರಮಾವ ಈ ಮಂದಿರಗಳ ಮಾತು ತೆಗೆದರೆ ಊಟವನ್ನೂ ಮರೆಯುತ್ತಾರೆ. ಅವರ ಕಾಲದ ಹುಡುಗರು ‘ಎ’ ಚಿತ್ರಕ್ಕೆ ಹೋಗಬೇಕಾದರೆ ಅಕ್ಕನ ಕಾಡಿಗೆ ಡಬ್ಬಿಯಿಂದ ಮೇಲ್ದುಟಿಯ ಮೇಲೆ ಒಂದು ಗೆರೆ ಎಳೆದುಕೊಳ್ಳುತ್ತಿದ್ದರಂತೆ. ಅಪ್ಪನ ಪ್ಯಾಂಟನ್ನು ಮಡಿಸಿ ಹಾಕಿಕೊಳ್ಳುತ್ತಿದ್ದರಂತೆ. ಬಾಗಿಲು ಕಾಯುವವನು ಮೀಸೆಯನ್ನು ನೋಡಿ ಒಳಗೆ ಬಿಡುತ್ತಿದ್ದನೇ ಹೊರತು ಮನಸ್ಸನ್ನು ನೋಡಿ ಅಲ್ಲ. “ಭಿತ್ತಿಪತ್ರದಲ್ಲಿ ‘ಎ’ ಅಕ್ಷರ ಎಷ್ಟು ದೊಡ್ಡದೋ ಸಾಲೂ ಅಷ್ಟೇ ಉದ್ದ ಕಣಯ್ಯ” ಎಂದು ಮಾವ ನಗುತ್ತಾರೆ. ಕಾಯುವುದಕ್ಕೆಂದು ಹಾಕಿದ ಅಕ್ಷರ ಕರೆಯುವುದಕ್ಕೆ ಉಪಯೋಗವಾಯಿತು.

ಹಾಗಾದರೆ ಸಿನಿಮಾಕ್ಕೂ ಮುದ್ರೆ ಬೇಡವೆ? ನಾನು ಅಷ್ಟು ದೂರ ಹೋಗುವವನಲ್ಲ. ಸಿನಿಮಾ ಮಂದಿರವು ಹಣ ತೆಗೆದುಕೊಂಡು ನೂರಾರು ಜನರನ್ನು ಕತ್ತಲೆಯಲ್ಲಿ ಕೂರಿಸುವ ವ್ಯಾಪಾರ. ಒಳಗೆ ಹೋದ ಮೇಲೆ ಮಗುವಿನ ಕೈಹಿಡಿದು ಎದ್ದು ಬರುವುದು ತಾಯಿಗೆ ಸುಲಭವಲ್ಲ. ಅಲ್ಲಿ ಬಾಗಿಲಲ್ಲೇ ಒಂದು ಸೂಚನೆ ಇರುವುದು ನ್ಯಾಯ. ಆದರೆ ಆ ಸೂಚನೆಯನ್ನು ಬರೆಯುವ ಕೈ ಸರ್ಕಾರದ್ದಾದಾಗ ಏನಾಗುತ್ತದೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. ಎರಡೂ ಒಂದೇ ವರ್ಷಕ್ಕೆ, ೧೯೭೦ಕ್ಕೆ, ಸೇರಿದವು.

ಕೆ. ಎ. ಅಬ್ಬಾಸರು ನಾಲ್ಕು ನಗರಗಳನ್ನು ಕುರಿತು ಒಂದು ಕಿರುಚಿತ್ರ ಮಾಡಿದ್ದರು. ಶ್ರೀಮಂತರ ವೈಭವವನ್ನೂ ಬಡವರ ಬಾಳನ್ನೂ ಅಕ್ಕಪಕ್ಕ ಇಟ್ಟು ತೋರಿಸುವುದು ಅವರ ಉದ್ದೇಶ. ಅದರಲ್ಲಿ ಮುಂಬಯಿಯ ವೇಶ್ಯಾವಾಟಿಕೆಯ ಕೆಲವು ನೋಟಗಳೂ ಇದ್ದವು. ಅವರು ಕೇಳಿದ್ದು ‘ಯು’, ಮಂಡಳಿ ಕೊಡಹೊರಟದ್ದು ‘ಎ’. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ವಿಚಾರಣೆ ನಡೆಯುತ್ತಿರುವಾಗಲೇ ಸರ್ಕಾರ ‘ಯು’ ಕೊಡಲೊಪ್ಪಿತಾದರೂ ಮೂಲ ಪ್ರಶ್ನೆಯನ್ನು ನ್ಯಾಯಾಲಯ ಕೈಬಿಡಲಿಲ್ಲ. ಮುಖ್ಯ ನ್ಯಾಯಾಧೀಶ ಹಿದಾಯತುಲ್ಲಾ ಅವರ ಪೀಠವು ಚಿತ್ರಗಳ ಪೂರ್ವಪರಿಶೀಲನೆ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ತೀರ್ಪಿತ್ತು, ಅದರ ಜೊತೆಗೇ ಕಲೆಗೆ ಅವಕಾಶವಿರುವಂತೆ ಅಳತೆಗೋಲುಗಳು ಇರಬೇಕೆಂದೂ ಹೇಳಿತು. ಬಡತನವನ್ನು ತೋರಿಸುವ ಚಿತ್ರ ಯಾವ ವಯಸ್ಸಿನವರಿಗೆ ತಕ್ಕದ್ದು? ಬಡ ಮಕ್ಕಳು ಅದನ್ನು ಟಿಕೆಟ್ಟಿಲ್ಲದೆಯೇ ದಿನವೂ ನೋಡುತ್ತಾರೆ.

ಇನ್ನೊಂದು ನಮ್ಮದೇ ‘ಸಂಸ್ಕಾರ’. ಅನಂತಮೂರ್ತಿಯವರ ೧೯೬೫ರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು ಚಿತ್ರ ಮಾಡಿದರು; ಪ್ರಾಣೇಶಾಚಾರ್ಯರ ಪಾತ್ರದಲ್ಲಿ ಗಿರೀಶ ಕಾರ್ನಾಡರು. ಜಾತಿಯ ಭಾವನೆಗಳು ಕೆರಳಿಯಾವೆಂಬ ಶಂಕೆಯಿಂದ ಮದರಾಸಿನ ಮಂಡಳಿ ಅದನ್ನು ತಡೆಹಿಡಿಯಿತು. ತಡೆ ತೆರವಾದ ಮೇಲೆ ಅದೇ ಚಿತ್ರ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಪಡೆಯಿತು. ಒಂದು ಕೈ ಬಾಗಿಲಿಕ್ಕಿದ್ದನ್ನು ಅದೇ ಸರ್ಕಾರದ ಇನ್ನೊಂದು ಕೈ ಪೀಠವಿಟ್ಟು ಕೂರಿಸಿತು. ‘ಮನಸ್ಸಿಗೆ ನೋವಾಗಬಹುದು’ ಎಂಬ ಮಾತು ಯಾರ ಮನಸ್ಸನ್ನು ಕುರಿತದ್ದು ಎಂದು ಕೇಳುವ ಅಭ್ಯಾಸವನ್ನು ನಾವು ಇಟ್ಟುಕೊಳ್ಳಬೇಕು. ಬಹಳ ಸಲ ಅದು ಅನುಭವಿಸಿದವನ ಮನಸ್ಸಾಗಿರುವುದಿಲ್ಲ. ಅನುಭವಕ್ಕೆ ಕಾರಣನಾದವನ ಮನಸ್ಸಾಗಿರುತ್ತದೆ.

ಎಚ್ಚರಿಕೆಗಳ ಮಾತಿಗೆ ಬಂದರೆ, ೨೦೧೨ರಿಂದ ನಮ್ಮ ತೆರೆಯ ಮೇಲೆ ಹೊಗೆಸೊಪ್ಪಿನ ಎಚ್ಚರಿಕೆಯೊಂದು ಖಾಯಂ ನಟನಂತೆ ಪಾತ್ರ ವಹಿಸುತ್ತಿದೆ. ಚಿತ್ರದ ಆರಂಭದಲ್ಲೊಮ್ಮೆ, ಮಧ್ಯದಲ್ಲೊಮ್ಮೆ, ಅಲ್ಲದೆ ಪಾತ್ರಧಾರಿ ಬೀಡಿ ಹಚ್ಚಿದಾಗಲೆಲ್ಲ ಕೆಳಗೊಂದು ಸಾಲು. ೨೦೨೩ರ ಸೆಪ್ಟೆಂಬರಿನಿಂದ ಫೋನಿನಲ್ಲಿ ನೋಡುವ ಚಿತ್ರಗಳಿಗೂ ಈ ನಿಯಮ ಬಂದಿದೆ. ತಂಬಾಕು ಕೊಲ್ಲುತ್ತದೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ತೆರೆಯ ಮೇಲೆ ಖಳನಾಯಕ ಒಬ್ಬನ ಕೊರಳನ್ನು ಕೊಯ್ಯುತ್ತ ಬಾಯಲ್ಲಿ ಸಿಗರೇಟು ಇಟ್ಟುಕೊಂಡಿದ್ದರೆ ಎಚ್ಚರಿಕೆ ಸಿಗರೇಟಿಗೆ ಮಾತ್ರ, ಕತ್ತಿಗೆ ಇಲ್ಲ. ಅಮೆರಿಕದ ನಿರ್ದೇಶಕ ವುಡಿ ಆಲೆನ್ ಈ ಸಾಲುಗಳನ್ನು ಒಪ್ಪದೆ ೨೦೧೩ರಲ್ಲಿ ತಮ್ಮ ಒಂದು ಚಿತ್ರವನ್ನು ನಮ್ಮ ದೇಶದಲ್ಲಿ ಬಿಡುಗಡೆ ಮಾಡಲೇ ಇಲ್ಲ. ಅದು ಅತಿಯಾಯಿತೆನ್ನಿ. ಆದರೂ ದಿನಕ್ಕೆ ಹತ್ತು ಸಲ ಓದಿದ ಎಚ್ಚರಿಕೆಯನ್ನು ಹನ್ನೊಂದನೆಯ ಸಲ ಯಾರೂ ಓದುವುದಿಲ್ಲ. ನಮ್ಮ ತರಗತಿಯಲ್ಲಿ ಆ ತಂಬಾಕಿನ ಪ್ರಕಟಣೆಯನ್ನು ಧ್ವನಿಸಮೇತ ಅಣಕಿಸಬಲ್ಲವರು ಕನಿಷ್ಠ ಆರು ಮಂದಿ ಇದ್ದಾರೆ. ಅವರಲ್ಲಿ ಇಬ್ಬರು ಸಿಗರೇಟು ಬಿಟ್ಟಿಲ್ಲ.

ಈಗ ಸ್ವಂತ ಪುಟಗಳ ವಿಚಾರ. ಸ್ವಂತ ಜಾಲತಾಣಕ್ಕೆ ಮುದ್ರೆ ಹಾಕಿಸುವ ಯೋಚನೆ ನಮ್ಮ ಸಾಹಿತ್ಯ ಸಂಘದಲ್ಲಿ ಹುಟ್ಟಿದ್ದೇನಲ್ಲ. ಅಂತರಜಾಲ ಇನ್ನೂ ಎಳೆಯದಿದ್ದ ೧೯೯೬ರಲ್ಲೇ ಅಮೆರಿಕದಲ್ಲಿ ಅದಕ್ಕೊಂದು ಏರ್ಪಾಟಾಗಿತ್ತು. ಪುಟವನ್ನು ಬರೆದವನೇ ಭಾಷೆ, ನಗ್ನತೆ, ಕಾಮ, ಹಿಂಸೆ ಎಂಬ ನಾಲ್ಕು ಬಾಬುಗಳಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕಿಕೊಳ್ಳಬೇಕು. ಓದುವವನ ಯಂತ್ರ ಆ ಅಂಕವನ್ನು ನೋಡಿ ಪುಟವನ್ನು ತೆರೆಯಬೇಕು, ಇಲ್ಲವೆ ಮುಚ್ಚಬೇಕು. ಮೈಕ್ರೋಸಾಫ್ಟಿನವರು ತಮ್ಮ ಎಕ್ಸ್‌ಪ್ಲೋರರ್‌ನಲ್ಲೇ ಅದಕ್ಕೆ ಬೀಗದ ಕೈ ಅಳವಡಿಸಿದರು. ಕಾಗದದ ಮೇಲೆ ಬಹು ಸೊಗಸಾದ ಯೋಜನೆ. ನಡೆದದ್ದೇನೆಂದರೆ, ಸಜ್ಜನರಲ್ಲಿ ಕೆಲವರು ಅಂಕ ಹಾಕಿಕೊಂಡರು, ದುರ್ಜನರು ಹಾಕಿಕೊಳ್ಳಲಿಲ್ಲ, ಉಳಿದ ಕೋಟ್ಯಂತರ ಮಂದಿಗೆ ಹಾಗೊಂದು ವ್ಯವಸ್ಥೆ ಇದೆಯೆಂದೇ ತಿಳಿಯಲಿಲ್ಲ. ಬೀಗ ಹಾಕಿದ ಯಂತ್ರವಾದರೋ ಅಂಕವಿಲ್ಲದ ಪುಟಗಳನ್ನೆಲ್ಲ ಒಟ್ಟಿಗೆ ಮುಚ್ಚಿಬಿಡುತ್ತಿತ್ತು; ಅಜ್ಜಿಯ ಉಪ್ಪಿನಕಾಯಿಯ ವಿಧಾನ ಬರೆದಿಟ್ಟವನ ಪುಟವೂ ಅದರೊಳಗೆ ಹೋಯಿತು. ೨೦೧೦ರ ಹೊತ್ತಿಗೆ ಆ ಏರ್ಪಾಟನ್ನು ನಡೆಸುತ್ತಿದ್ದವರೇ ಅದನ್ನು ನಿಲ್ಲಿಸಿದರು. ಅಂಕ ಹಾಕುವುದೆಂದರೆ ನಮಗೆ ಪರೀಕ್ಷೆಯ ಅಂಕವೇ ಕಣ್ಣ ಮುಂದೆ ಬರುತ್ತದೆ. ಪರೀಕ್ಷೆಯಲ್ಲಿ ನಮಗೆ ನಾವೇ ಅಂಕ ಕೊಟ್ಟುಕೊಳ್ಳುವ ಸೌಲಭ್ಯವಿದ್ದಿದ್ದರೆ ಈ ಕಾಲೇಜಿನ ಫಲಿತಾಂಶ ಯಾವಾಗಲೂ ನೂರಕ್ಕೆ ನೂರು!

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸದ್ಯಕ್ಕೆ ವಿವೇಕದಿಂದಲೇ ಇದೆ. ೨೦೨೧ರ ಮಾಹಿತಿ ತಂತ್ರಜ್ಞಾನ ನಿಯಮಗಳು ಚಿತ್ರಗಳನ್ನೂ ಧಾರಾವಾಹಿಗಳನ್ನೂ ಅಂತರಜಾಲದ ಮೂಲಕ ಒದಗಿಸುವ ಸಂಸ್ಥೆಗಳಿಗೆ ವಯಸ್ಸಿನ ಐದು ವರ್ಗಗಳನ್ನು ಗೊತ್ತುಮಾಡಿವೆ. ವ್ಯಾಪಾರವಾಗಿಯಾಗಲಿ ವೃತ್ತಿಯಾಗಿಯಾಗಲಿ ಮಾಡದೆ, ತನ್ನ ಪಾಡಿಗೆ ತಾನು ಪ್ರಕಟಿಸುವ ವ್ಯಕ್ತಿಯನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಆದರೆ ಲೋಕದ ಗಾಳಿ ಬೇರೆ ಕಡೆಗೆ ಬೀಸುತ್ತಿದೆ. ಬ್ರಿಟನ್ನಿನಲ್ಲಿ ೨೦೨೫ರ ಜುಲೈಯಿಂದ ಅಶ್ಲೀಲ ಮತ್ತು ಅಪಾಯಕರ ವಿಷಯಗಳಿರುವ ತಾಣಗಳು ಬಂದವರ ವಯಸ್ಸನ್ನು ಪ್ರಮಾಣಪೂರ್ವಕವಾಗಿ ಪರೀಕ್ಷಿಸಬೇಕಾಗಿದೆ. ಆ ಶಾಸನದ ಭಾರಕ್ಕೆ ಹೆದರಿ ಹವ್ಯಾಸಿಗಳು ನಡೆಸುತ್ತಿದ್ದ ಕೆಲವು ನಿರಪಾಯದ ತಾಣಗಳು ತಾವಾಗಿಯೇ ಮುಚ್ಚಿಕೊಂಡವು. ಆಸ್ಟ್ರೇಲಿಯವು ೨೦೨೫ರ ಡಿಸೆಂಬರ್ ೧೦ರಿಂದ ಹದಿನಾರರ ಕೆಳಗಿನವರಿಗೆ ಸಾಮಾಜಿಕ ಜಾಲತಾಣಗಳಲ್ಲಿ ಖಾತೆಯನ್ನೇ ನಿಷೇಧಿಸಿದೆ. ದೊಡ್ಡ ಸಂಸ್ಥೆಗಳಿಗೆ ಇವು ಖರ್ಚಿನ ಬಾಬು, ಅಷ್ಟೆ. ಒಬ್ಬನೇ ಕುಳಿತು ಕಥೆ ಬರೆದು ತನ್ನ ಪುಟದಲ್ಲಿಡುವ ಬಿ. ಎ. ವಿದ್ಯಾರ್ಥಿ ಓದುಗರ ಗುರುತಿನ ಚೀಟಿಯನ್ನು ಹೇಗೆ ಪರೀಕ್ಷಿಸಿಯಾನು? ಏಕೆ ಪರೀಕ್ಷಿಸಬೇಕು? ಒಂದು ಕಥೆ ಓದಲು ಆಧಾರ್ ಸಂಖ್ಯೆ ಕೇಳಿದರೆ ನಾನಂತೂ ಓದುವುದಿಲ್ಲ.

ವಯಸ್ಸಿನ ಗೆರೆಯನ್ನು ಎಳೆಯುವವರು ನಮ್ಮ ತರಗತಿಗೆ ಒಮ್ಮೆ ಬಂದು ನೋಡಬೇಕು. ಮೊದಲ ವರ್ಷದ ಬಿ. ಎ.ಯಲ್ಲಿ ಅರ್ಧದಷ್ಟು ಮಂದಿಗೆ ಹದಿನೆಂಟು ತುಂಬಿದೆ, ಉಳಿದವರಿಗೆ ಇನ್ನೂ ಕೆಲವು ತಿಂಗಳಿವೆ. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಒಬ್ಬ ‘ಎ’ ಚಿತ್ರಕ್ಕೆ ಅರ್ಹ, ಇನ್ನೊಬ್ಬ ಅನರ್ಹ. ೨೦೨೩ರ ದತ್ತಾಂಶ ಸಂರಕ್ಷಣೆಯ ಶಾಸನದ ಪ್ರಕಾರ ಆ ಎರಡನೆಯವನು ಇನ್ನೂ ‘ಮಗು’. ಆ ಮಗು ಬೆಳಗಿನ ಜಾವ ನಾಲ್ಕಕ್ಕೆ ರಸೆಲ್ ಮಾರುಕಟ್ಟೆಯಲ್ಲಿ ಹೂವಿನ ಮೂಟೆ ಇಳಿಸಿ, ಸ್ನಾನ ಮಾಡಿ, ಒಂಬತ್ತಕ್ಕೆ ಕಾಲೇಜಿಗೆ ಬರುತ್ತದೆ. ಮನೆಗಳ ವಿಚಾರವೂ ಹೀಗೆಯೇ. ಶಿವಾಜಿನಗರದ ಒಂದು ಕೋಣೆಯ ಮನೆಯಲ್ಲಿ ಫೋನು ಒಂದು, ಓದುವವರು ಐವರು: ಹಗಲು ಅಪ್ಪನ ಕೈಯಲ್ಲಿ, ಸಂಜೆ ತಂಗಿಯ ಪಾಠಕ್ಕೆ, ರಾತ್ರಿ ಅಮ್ಮನ ಧಾರಾವಾಹಿಗೆ. ಅದರ ವಯಸ್ಸು ಎಷ್ಟೆಂದು ಯಂತ್ರ ಕೇಳಿದರೆ ಯಾರ ವಯಸ್ಸನ್ನು ಹೇಳುವುದು? ವಿಲಾಯತಿಯಲ್ಲಿ ಪ್ರತಿಯೊಬ್ಬನಿಗೂ ಒಂದು ಕೋಣೆ, ಒಂದು ಫೋನು ಎಂದು ಭಾವಿಸಿ ಮಾಡಿದ ಬೀಗ ನಮ್ಮ ಬಾಗಿಲಿಗೆ ಕೂರುವುದಿಲ್ಲ.

ಇಷ್ಟು ಹೇಳಿದ ಮೇಲೆ ‘ಹಾಗಾದರೆ ಏನನ್ನೂ ಹೇಳದೆ ಸುಮ್ಮನಿರೋಣ’ ಎಂಬ ಪಕ್ಷದವರು ನನ್ನನ್ನು ತಮ್ಮವನೆಂದು ತಿಳಿದಾರು. ಅವರೊಡನೆ ನನ್ನ ಜಗಳ ಇನ್ನೂ ದೊಡ್ಡದು. ಆ ಚರ್ಚೆಗೆ ಕಾರಣವಾದ ಘಟನೆ ಎಲ್ಲರಿಗೂ ತಿಳಿಯದು. ಸಂಬಂಧಪಟ್ಟವರ ಅನುಮತಿಯಿಂದ, ಹೆಸರಿಲ್ಲದೆ ಹೇಳುತ್ತೇನೆ.

ನಮ್ಮ ಸಹಾಧ್ಯಾಯಿನಿಯೊಬ್ಬಳು ದಿನವೂ ಮಾಲೂರಿನ ಕಡೆಯಿಂದ ರೈಲಿನಲ್ಲಿ ಕೃಷ್ಣರಾಜಪುರಕ್ಕೆ ಬರುತ್ತಾಳೆ. ಮೂರು ವರ್ಷದ ಹಿಂದೆ ಅವಳ ತಂದೆ ಸಾಲದ ಬಾಧೆಯಿಂದ ತಮ್ಮ ಜೀವವನ್ನು ತಾವೇ ತೆಗೆದುಕೊಂಡರು. ನಮ್ಮ ಹಿರಿಯ ವಿದ್ಯಾರ್ಥಿಯೊಬ್ಬರು ತಮ್ಮ ಸ್ವಂತ ತಾಣದಲ್ಲಿ ಒಂದು ಕಥೆ ಬರೆದಿದ್ದರು. ಚೆನ್ನಾಗಿದೆಯೆಂದು ಯಾರೋ ತರಗತಿಯವರಿಗೆಲ್ಲ ಕಳುಹಿಸಿದರು. ಶೀರ್ಷಿಕೆ ಮಳೆಯನ್ನು ಕುರಿತದ್ದು. ಆರಂಭದಲ್ಲಿ ಎರಡು ಪುಟ ಊರು, ಹೊಲ, ಎತ್ತು. ಅವಳು ದೇವನಗೊಂದಿ ದಾಟುವಾಗ ಓದಲು ತೊಡಗಿದಳು. ವೈಟ್‌ಫೀಲ್ಡ್ ಬರುವ ಹೊತ್ತಿಗೆ ಕಥೆಯ ರೈತ ದನದ ಕೊಟ್ಟಿಗೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ಮುಂದಿನದನ್ನು ಕಥೆಗಾರರು ಒಂದೊಂದು ವಿವರವನ್ನೂ ಬಿಡದೆ ಬರೆದಿದ್ದರು. ಕಿಕ್ಕಿರಿದ ಬೋಗಿಯಲ್ಲಿ, ಬುಟ್ಟಿಗಳ ನಡುವೆ, ನಿಂತಲ್ಲೇ ಅವಳಿಗೆ ಉಸಿರು ಕಟ್ಟಿದಂತಾಯಿತಂತೆ. ತರಕಾರಿ ಮಾರುವ ಹೆಂಗಸೊಬ್ಬಳು ಕೈಹಿಡಿದು ಕೂರಿಸಿ ನೀರು ಕುಡಿಸಿದಳಂತೆ. ಆಮೇಲೆ ಅವಳು ಒಂದು ವಾರ ಕಾಲೇಜಿಗೆ ಬರಲಿಲ್ಲ.

ಮರಳಿ ಬಂದ ಮೇಲೆ ಅವಳು ಹೇಳಿದ ಮಾತು ನನಗೆ ಈ ಇಡೀ ವಾದದ ತಿರುಳಾಗಿ ಕಾಣುತ್ತದೆ. “ಕಥೆ ನಿಜವಾಗಿಯೂ ಚೆನ್ನಾಗಿದೆ ಅಣ್ಣ. ಓದಬಾರದಿತ್ತು ಅಂತ ನನಗೆ ಅನ್ನಿಸಿಲ್ಲ. ಮೊದಲೇ ತಿಳಿದಿದ್ದರೆ ರಾತ್ರಿ ಅಮ್ಮ ಮಲಗಿದ ಮೇಲೆ ಓದುತ್ತಿದ್ದೆ. ರೈಲಿನಲ್ಲಿ ಎಲ್ಲರ ಎದುರಿಗೆ ಓದಬೇಕಾಗಿ ಬಂತಲ್ಲ, ಅಷ್ಟೇ.”

ಅವಳಿಗೆ ಹತ್ತೊಂಬತ್ತು ವರ್ಷ. ಆ ಕಥೆಯ ನೆತ್ತಿಯ ಮೇಲೆ ‘೧೮ ಮೀರಿದವರಿಗೆ’ ಎಂದು ಕೆಂಪಕ್ಷರದಲ್ಲಿ ಬರೆದಿದ್ದರೂ ಅದು ಅವಳನ್ನು ಸರಾಗವಾಗಿ ಒಳಗೆ ಬಿಡುತ್ತಿತ್ತು. ‘ಈ ಕಥೆಯಲ್ಲಿ ಒಬ್ಬ ರೈತನ ಆತ್ಮಹತ್ಯೆಯ ಪ್ರಸಂಗವಿದೆ’ ಎಂಬ ಆರು ಮಾತುಗಳಿದ್ದಿದ್ದರೆ ಅವಳು ಫೋನನ್ನು ಚೀಲದಲ್ಲಿಟ್ಟು ಕಿಟಕಿಯಾಚೆ ನೋಡುತ್ತಿದ್ದಳು. ವಯಸ್ಸಿನ ಮುದ್ರೆ ಓದುಗನನ್ನು ಕುರಿತು ತೀರ್ಪು ಕೊಡುತ್ತದೆ. ಒಳಗಿನದನ್ನು ಹೇಳುವ ಸಾಲು ಬರಹವನ್ನು ಕುರಿತು ಸುದ್ದಿ ಕೊಡುತ್ತದೆ. ಮೊದಲನೆಯದಕ್ಕೆ ಕಾವಲುಗಾರ ಬೇಕು. ಎರಡನೆಯದಕ್ಕೆ ಬರೆದವನ ಸೌಜನ್ಯ ಸಾಕು.

ಇದಕ್ಕೆ ವಿರೋಧವಾಗಿ ನಮ್ಮ ಮನಶ್ಶಾಸ್ತ್ರದ ಅಧ್ಯಾಪಕರೊಬ್ಬರು ಒಂದು ಸಂಶೋಧನೆಯನ್ನು ಎತ್ತಿ ಹೇಳಿದರು. ೨೦೨೩ರಲ್ಲಿ ಬ್ರಿಜ್‌ಲ್ಯಾಂಡ್ ಮತ್ತು ಸಂಗಡಿಗರು ಹಿಂದಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿ, ಇಂಥ ಎಚ್ಚರಿಕೆಗಳು ಓದಿದಾಗ ಆಗುವ ಸಂಕಟವನ್ನು ತಗ್ಗಿಸುವುದಿಲ್ಲ, ಓದುವ ಮೊದಲಿನ ಆತಂಕವನ್ನು ತುಸು ಹೆಚ್ಚಿಸುತ್ತವೆ, ಜನರು ಓದದೆ ಬಿಡುವಂತೆಯೂ ಮಾಡುವುದಿಲ್ಲ ಎಂದು ತೋರಿಸಿದ್ದಾರೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಎಚ್ಚರಿಕೆಯ ಸಾಲು ಔಷಧಿಯೆಂದು ನಂಬಿದವರು ಆ ನಂಬಿಕೆಯನ್ನು ಬಿಡಬೇಕು. ಆದರೆ ನಮ್ಮ ಸಹಾಧ್ಯಾಯಿನಿ ಕೇಳಿದ್ದು ಔಷಧಿಯನ್ನಲ್ಲ. ಓದುವುದನ್ನು ತಪ್ಪಿಸಿಕೊಳ್ಳುವ ದಾರಿಯನ್ನೂ ಅವಳು ಕೇಳಲಿಲ್ಲ. ಎಲ್ಲಿ, ಯಾವಾಗ, ಯಾರ ಮುಂದೆ ಓದುವುದು ಎಂಬುದನ್ನು ತಾನೇ ಗೊತ್ತುಮಾಡಿಕೊಳ್ಳುವ ಅವಕಾಶವನ್ನು ಕೇಳಿದಳು. ಪ್ರಯೋಗಶಾಲೆಯಲ್ಲಿ ಕೂರಿಸಿ ಓದಿಸಿದವರಿಗೆ ಆ ಅವಕಾಶವಿಲ್ಲ. ಮಾಲೂರಿನ ರೈಲು ಅಲ್ಲಿಗೆ ಹೋಗುವುದೂ ಇಲ್ಲ.

ಇನ್ನೊಂದು ಆಕ್ಷೇಪ ಕನ್ನಡ ವಿಭಾಗದಿಂದ ಬಂದಿತು. ‘ಪಂಪ ರನ್ನರು ಎಚ್ಚರಿಕೆ ಕೊಟ್ಟು ಬರೆದರೇನಯ್ಯಾ? ದುಶ್ಶಾಸನನ ಎದೆ ಬಗೆದು ರಕ್ತ ಕುಡಿಯುವುದನ್ನು ಹೆಂಗಸರು ಮಕ್ಕಳು ಕೂತು ಕೇಳಿಲ್ಲವೆ?’ ಎಂದು ನಮ್ಮ ಗುರುಗಳು ಕೇಳಿದರು. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮನೆಗೆ ಹೋಗುವಾಗ ಮೆಟ್ರೋದಲ್ಲಿ ಯೋಚಿಸಿದೆ. ಯಕ್ಷಗಾನದ ಪ್ರಸಂಗಗಳ ಹೆಸರನ್ನು ನೋಡಿ: ‘ಕೀಚಕ ವಧೆ’, ‘ದುಶ್ಶಾಸನ ವಧೆ’. ರನ್ನನ ಕೃತಿ ‘ಗದಾಯುದ್ಧ’. ಒಳಗೆ ಏನಿದೆಯೆಂದು ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ. ಅಲ್ಲದೆ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಬಯಲಾಟಕ್ಕೆ ಬಂದವನಿಗೆ ಬೆಳಗಿನ ಜಾವ ಯಾರ ಎದೆ ಸೀಳುತ್ತದೆಂಬುದು ರಾತ್ರಿ ಒಂಬತ್ತಕ್ಕೇ ತಿಳಿದಿರುತ್ತದೆ. ಸಣ್ಣ ಮಗು ಆ ಹೊತ್ತಿಗೆ ಅಜ್ಜಿಯ ಮಡಿಲಲ್ಲಿ ನಿದ್ದೆ ಹೋಗಿರುತ್ತದೆ, ಇಲ್ಲವೆ ಅಜ್ಜಿ ಸೆರಗು ಮುಚ್ಚುತ್ತಾಳೆ. ಹೊಸ ಕಥೆಗಾರನ ಕಥೆ ಯಾರಿಗೂ ಗೊತ್ತಿಲ್ಲ. ಅವನು ಮಳೆಯ ಹೆಸರಿಟ್ಟು ಕೊಟ್ಟಿಗೆಯ ಬಾಗಿಲು ತೆರೆಯುತ್ತಾನೆ. ಆದಕಾರಣ ಗುರುಗಳ ನಿದರ್ಶನ ಅವರ ವಾದಕ್ಕಿಂತ ನನ್ನ ವಾದಕ್ಕೇ ಹೆಚ್ಚು ಒದಗುತ್ತದೆಂದು ಸವಿನಯವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

ಕಥೆಯ ಅಚ್ಚರಿ ಕೆಡುವುದೆಂಬ ದೂರು ಕಥೆಗಾರರದು. ಸ್ವಲ್ಪ ಕೆಡಬಹುದು. ಕೊನೆಯ ಒಂದು ಪೆಟ್ಟಿನ ಮೇಲೆ ಮಾತ್ರ ನಿಂತ ಕಥೆ ಒಂದು ಸಾಲಿಗೇ ಬಿದ್ದುಹೋಗುವುದಾದರೆ ಅದನ್ನು ಎರಡನೆಯ ಸಲ ಯಾರು ಓದುತ್ತಾರೆ?

ಎಲ್ಲದಕ್ಕೂ ಸಾಲು ಬೇಕೇ ಎಂದರೆ, ಖಂಡಿತ ಬೇಡ. ತಂಬಾಕಿನ ಗತಿಯಾದೀತು. ನನ್ನನ್ನು ಕೇಳಿದರೆ ನಾಲ್ಕು ಸಂದರ್ಭಗಳಿಗೆ ಸಾಕು: ಆತ್ಮಹತ್ಯೆ, ಅತ್ಯಾಚಾರ, ಮಕ್ಕಳ ಮೇಲಿನ ಕ್ರೌರ್ಯ, ಸತ್ತವರ ನಿಜವಾದ ಭಾವಚಿತ್ರಗಳು. ಮುತ್ತಿಗೆ ಬೇಡ, ಬೈಗುಳಕ್ಕೆ ಬೇಡ, ದೇವರನ್ನು ಪ್ರಶ್ನಿಸಿದ್ದಕ್ಕೆ ಬೇಡವೇ ಬೇಡ. ಜಾತಿಯ ಅವಮಾನವನ್ನು ಬರೆದುದಕ್ಕೆ ‘ಓದುಗರಿಗೆ ಮುಜುಗರವಾಗಬಹುದು’ ಎಂದು ಹಾಕಬೇಕೆಂದು ಚರ್ಚೆಯಲ್ಲಿ ಒಬ್ಬರು ಸೂಚಿಸಿದರು. ಆ ಸೂಚನೆಯನ್ನು ನಾನು ಒಪ್ಪಲಾರೆ. ಊರ ಬಾವಿಯಿಂದ ನೀರು ಸೇದಲು ಬಿಡದಿದ್ದ ಕಥೆಯನ್ನು ಬರೆದ ಗೆಳೆಯನ ಪುಟಕ್ಕೆ ಅಂಥ ಚೀಟಿ ಅಂಟಿಸುವುದೆಂದರೆ ಅವನನ್ನು ಇನ್ನೊಮ್ಮೆ ಬಾವಿಯಿಂದ ದೂರ ನಿಲ್ಲಿಸಿದಂತೆಯೇ ಸರಿ. ೧೯೭೦ರಲ್ಲಿ ಮದರಾಸಿನವರು ಮಾಡಿದ್ದನ್ನು ನಾವು ಇಲ್ಲಿ ಸಣ್ಣ ಪ್ರಮಾಣದಲ್ಲಿ ಮಾಡಬೇಕಾಗಿಲ್ಲ.

ಸಾಲನ್ನು ಬರೆಯುವ ಬಗೆಯೂ ಮುಖ್ಯ. ಸರಳ ಕನ್ನಡದಲ್ಲಿ, ಹೆದರಿಸದೆ, ಉಪದೇಶಿಸದೆ ಇರಬೇಕು. ‘ದುರ್ಬಲ ಹೃದಯದವರು ಓದಬಾರದು’ ಎಂಬುದು ಹಳೆಯ ಭಯಾನಕ ಚಿತ್ರಗಳ ಜಾಹೀರಾತಿನ ಭಾಷೆ. ಅದು ಮಾವನ ಕಾಡಿಗೆ ಮೀಸೆಯ ಕಾಲಕ್ಕೆ ಸೇರಿದ್ದು. ಆತ್ಮಹತ್ಯೆಯ ವಿಷಯದಲ್ಲಿ ಸಾಲಿನಿಂದ ಮಾತ್ರ ಬರೆದವನ ಹೊಣೆ ತೀರುವುದೂ ಇಲ್ಲ. ಭಾರತೀಯ ಪತ್ರಿಕಾ ಮಂಡಳಿಯು ೨೦೧೯ರಲ್ಲಿ ಪತ್ರಿಕೆಗಳಿಗೆ ಕೊಟ್ಟ ಸೂಚನೆಗಳಲ್ಲಿ, ಸತ್ತ ವಿಧಾನವನ್ನು ವಿವರಿಸಬಾರದೆಂದು ಹೇಳಿದೆ. ಅದು ಸುದ್ದಿಗೆ ಮಾಡಿದ ನಿಯಮ, ಕಥೆಗಲ್ಲ ಎನ್ನಬಹುದು. ಆದರೂ ಕೊಟ್ಟಿಗೆಯೊಳಗಿನ ಆ ವಿವರಗಳಿಂದ ಕಥೆಗೆ ಏನು ಲಾಭವಾಯಿತೆಂದು ಕಥೆಗಾರನೇ ಕೇಳಿಕೊಳ್ಳಬೇಕು. ಇನ್ನೊಂದು ಸಣ್ಣ ಕೆಲಸವನ್ನೂ ಮಾಡಬಹುದು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯ ಕೇಂದ್ರಸ್ಥಾನ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಅದರ ಸಂಖ್ಯೆ ೧೪೪೧೬. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕಥೆಯ ಕೊನೆಗೆ ಆ ಐದು ಅಂಕಿಗಳನ್ನು ಹಾಕಿದರೆ ಯಾವ ಕಥೆಯೂ ಕೆಡುವುದಿಲ್ಲ.

ಚಿಕ್ಕ ಮಕ್ಕಳ ಪ್ರಶ್ನೆ ಉಳಿಯುತ್ತದೆ. ಎಂಟು ವರ್ಷದ ತಂಗಿ ಅಣ್ಣನ ಪುಟವನ್ನು ತೆರೆದು ಬಾರದ್ದನ್ನು ಓದಿದರೆ? ನಿಜ, ಆ ಭಯ ಸುಳ್ಳಲ್ಲ, ನನ್ನ ಸಾಲಿನಿಂದ ಅದು ಪೂರ್ತಿ ಪರಿಹಾರವಾಗುವುದೂ ಇಲ್ಲ. ಆದರೆ ಎಂಟು ವರ್ಷದವಳಿಗೆ ‘೧೬+’ ಎಂಬುದು ಒಂದು ಲೆಕ್ಕ ಮಾತ್ರ. ಅದನ್ನು ನೋಡಿ ಹಿಂತಿರುಗಿದ ಮಗುವನ್ನು ನಾನು ಕಂಡಿಲ್ಲ. ‘ಇದರಲ್ಲಿ ಒಂದು ಮಗುವಿಗೆ ಹೊಡೆಯುವ ಸಂಗತಿ ಇದೆ’ ಎಂಬುದನ್ನು ಓದಿ ಅಮ್ಮನನ್ನು ಕರೆಯುವ ಮಗು ಇರುವುದುಂಟು. ಕರೆದಾಗ ಅಮ್ಮ ಹತ್ತಿರವಿರಬೇಕು, ಅದು ಬೇರೆ ಮಾತು.

ನಮ್ಮ ಹಿರಿಯ ಕಥೆಗಾರರು ವಿಷಯ ತಿಳಿದ ಸಂಜೆಯೇ ತಮ್ಮ ಕಥೆಯ ಮೇಲೆ ಒಂದು ಸಾಲನ್ನು ಸೇರಿಸಿದರು. ಕೊಟ್ಟಿಗೆಯ ಪ್ರಸಂಗದಿಂದ ಒಂದು ಖಂಡವನ್ನು ತೆಗೆದರು. ವಯಸ್ಸನ್ನು ಬರೆಯಿರೆಂದು ಕೆಲವರು ಒತ್ತಾಯಿಸಿದ್ದಕ್ಕೆ ಒಪ್ಪಲಿಲ್ಲ. ಈಗ ಆಗಬೇಕಾದದ್ದು ಮುಂದಿನ ವರ್ಷದ ಸಂಚಿಕೆಯ ವಿಚಾರ. ಕಥೆ ಕಳುಹಿಸುವವರು ಮೇಲೆ ಹೇಳಿದ ನಾಲ್ಕರಲ್ಲಿ ಯಾವುದಾದರೂ ತಮ್ಮ ಬರಹದಲ್ಲಿದ್ದರೆ ಆ ಸಾಲನ್ನು ತಾವೇ ಬರೆದು ಜೊತೆಯಲ್ಲಿ ಕಳುಹಿಸಬೇಕೆಂದು ಸಂಪಾದಕ ಮಂಡಳಿಗೆ ನಾನು ಬರೆದುಕೊಟ್ಟಿದ್ದೇನೆ. ಬರೆದವರು ಒಪ್ಪದಿದ್ದರೆ ಮಂಡಳಿ ತಾನಾಗಿ ಸೇರಿಸಕೂಡದು, ಕೂತು ಮಾತಾಡಬೇಕು ಎಂಬುದು ಅದರ ಎರಡನೆಯ ಅಂಶ. ಮೊದಲನೆಯದಕ್ಕೆ ಮಂಡಳಿಯಲ್ಲಿ ಯಾರದೂ ವಿರೋಧವಿಲ್ಲವಂತೆ. ಎರಡನೆಯದರ ಮೇಲೆ ಅಧ್ಯಾಪಕ ಸಂಪಾದಕರು ಇನ್ನೂ ಯೋಚಿಸುತ್ತಿದ್ದಾರೆ.